ಕ್ಯಾಬಿನ್ ಒಳಗೆ ಒಯ್ಯಲು ಎಷ್ಟು ದೊಡ್ಡ ಬ್ಯಾಕ್‌ಪ್ಯಾಕ್ ಕೊಳ್ಳಬೇಕು?

ಪ್ರಶ್ನೆ: ಉಪನ್ಯಾಸಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ನಾನು ಮತ್ತು ನಮ್ಮ ಯಜಮಾನರು ಬರುವ ಮೇ ತಿಂಗಳಲ್ಲಿ ಹೊರಟಿದ್ದೇವೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಇಂಡಿಗೊ, ಬೆಂಗಳೂರಿನಿಂದ ಮ್ಯೂನಿಕ್‌ಗೆ ಲುಫ್ತಾನ್ಸಾ. ಅಲ್ಲಿ ಎರಡು ವಾರ ಇದ್ದ ಮೇಲೆ ಮೂವರೂ ಸೇರಿ ಮೆಮ್ಮಿಂಗನ್ ನಿಲ್ದಾಣದಿಂದ ರಯನ್‌ಏರ್ ವಿಮಾನದಲ್ಲಿ ನಾಲ್ಕು ದಿನಕ್ಕೆ ಇಟಲಿಗೆ ಹೋಗಿ ಬರಬೇಕೆಂದು ಮಗಳ ಆಸೆ. ಆ ಟಿಕೆಟ್ಟನ್ನು ಅವಳು ಅತಿ ಕಡಿಮೆ ದರದಲ್ಲಿ ತೆಗೆದಿದ್ದಾಳೆ. ಸೀಟಿನ ಕೆಳಗೆ ಹಿಡಿಸುವ ಒಂದು ಚೀಲಕ್ಕೆ ಮಾತ್ರ ಅದರಲ್ಲಿ ಅವಕಾಶವಿದೆ.

ಮಂಡಿನೋವಿನ ಕಾರಣ ನನಗೆ ಟ್ರಾಲಿ ಎಳೆಯುತ್ತ ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಬೆನ್ನಿಗೆ ಹಾಕುವ ಬ್ಯಾಗೇ ಅನುಕೂಲ. ಮಗ ಕುಮಾರಪರ್ವತ ಚಾರಣಕ್ಕೆಂದು ಕೊಂಡ 50 ಲೀಟರಿನ ಬ್ಯಾಗು ಮನೆಯಲ್ಲಿದೆ. ಟೇಪು ಹಿಡಿದು ನೋಡಿದರೆ ಎತ್ತರ 68 ಸೆಂ.ಮೀ. ಬಂತು. ಅದು ನಡೆಯುವುದಿಲ್ಲವೆಂದು ಮಗಳು ಹೇಳುತ್ತಾಳೆ. ಅಂಗಡಿಯವರನ್ನು ಕೇಳಿದರೆ 40 ಲೀಟರಿನದು ಯಾವ ವಿಮಾನದಲ್ಲಾದರೂ ನಡೆಯುತ್ತದೆ ಎನ್ನುತ್ತಾರೆ. ಒಂದೇ ಬ್ಯಾಗಿನಲ್ಲಿ ಮೂರೂ ವಿಮಾನಗಳಿಗೆ ಹೊಂದುವಂತೆ ಮಾಡಿಕೊಳ್ಳಬಹುದೇ, ಅಥವಾ ಎರಡು ಬ್ಯಾಗು ಬೇಕೇ? ಇನ್ನೊಂದು ಮಾತು: ಮಗಳಿಗೆಂದು ಮಾಡಿದ ಖಡಕ್ ರೊಟ್ಟಿಗಳನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿದರೆ ಪುಡಿಯಾಗುತ್ತವೆ, ಅವನ್ನು ಕೈಯಲ್ಲೇ ಒಯ್ಯಬೇಕೆಂದಿದೆ.

ಉತ್ತರ 1: ಮ್ಯೂನಿಕ್‌ನಲ್ಲಿರುವ ಕನ್ನಡಿಗ

ಮೇಡಂ, ಮೊದಲು ಲೀಟರಿನ ಲೆಕ್ಕವನ್ನು ಪಕ್ಕಕ್ಕಿಡಿ. ನೀವು ಹೋಗುವ ಮೂರೂ ಸಂಸ್ಥೆಗಳ ನಿಯಮದಲ್ಲಿ ಲೀಟರ್ ಎಂಬ ಮಾತೇ ಇಲ್ಲ. ಇರುವುದು ಉದ್ದ, ಅಗಲ, ದಪ್ಪ ಎಂಬ ಮೂರು ಅಳತೆಗಳು, ಜೊತೆಗೆ ಹೆಚ್ಚಿನ ಕಡೆ ತೂಕ. ಇಂಡಿಗೊದಲ್ಲಿ 55×35×25 ಸೆಂ.ಮೀ., 7 ಕಿಲೊ. ಲುಫ್ತಾನ್ಸಾದಲ್ಲಿ 55×40×23, 8 ಕಿಲೊ. ಇವೆರಡಕ್ಕೂ ಸಲ್ಲುವ ಬ್ಯಾಗು ಬೇಕೆಂದರೆ ಪ್ರತಿಯೊಂದು ಅಳತೆಯಲ್ಲೂ ಚಿಕ್ಕದನ್ನೇ ಹಿಡಿಯಬೇಕು, ಅಂದರೆ 55×35×23 ಮತ್ತು 7 ಕಿಲೊ. ಅಂಗಡಿಯವರು ಹೇಳಿದ 40 ಲೀಟರಿನ ಬ್ಯಾಗು ಈ ಚೌಕಟ್ಟಿನೊಳಗೆ ಕೂರಬಹುದು, ಕೂರದೆಯೂ ಇರಬಹುದು. ಉದ್ದಕ್ಕೆ ಹೊಲಿದ ಚಾರಣದ ಬ್ಯಾಗು 40 ಲೀಟರಿನದೇ ಆದರೂ 60 ಸೆಂ.ಮೀ. ದಾಟಿರುವುದನ್ನು ನಾನು ಕಂಡಿದ್ದೇನೆ.

ನಿಮ್ಮ ಪ್ರಯಾಣದಲ್ಲಿ ನಿಜವಾಗಿ ಬಿಗಿಯಾದ ಜಾಗ ಇಟಲಿಯ ವಿಮಾನ. ರಯನ್‌ಏರ್‌ನ ಉಚಿತ ಚೀಲದ ಅಳತೆ ಮೊದಲು 40×25×20 ಇತ್ತು. 2025ರಲ್ಲಿ ಅದನ್ನು 40×30×20ಕ್ಕೆ ಹಿಗ್ಗಿಸಿದರು. ಗುಣಿಸಿ ನೋಡಿದರೆ 20 ಲೀಟರ್ ಇದ್ದದ್ದು 24 ಲೀಟರ್ ಆಯಿತು. ಇಂಥದೇ ಇನ್ನೊಂದು ಅಗ್ಗದ ವಿಮಾನ ಸಂಸ್ಥೆ ವಿಜ್ ಏರ್‌ನವರದೂ 40×30×20. ಈಸಿಜೆಟ್‌ನವರು ಸ್ವಲ್ಪ ಉದಾರಿಗಳು, 45×36×20 ಕೊಡುತ್ತಾರೆ. ರಯನ್‌ಏರ್‌ನಲ್ಲೇ 55×40×20 ಅಳತೆಯ, 10 ಕಿಲೊವರೆಗಿನ ದೊಡ್ಡ ಬ್ಯಾಗು ಒಯ್ಯಬೇಕೆಂದರೆ ಪ್ರಯಾರಿಟಿ ಎಂದು ಬೇರೆ ಹಣ ಕಟ್ಟಬೇಕು. ಆ ಹಣ ದಿನದಿಂದ ದಿನಕ್ಕೆ, ಮಾರ್ಗದಿಂದ ಮಾರ್ಗಕ್ಕೆ ಬದಲಾಗುತ್ತದೆ. ಮೂವರಿಗೆ, ಹೋಗಲು ಬರಲು ಎರಡು ಸಲ ಎಂದರೆ ಅಗ್ಗದ ಟಿಕೆಟ್ ಅಗ್ಗವಾಗಿ ಉಳಿಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. 40×30×20ರ ಒಂದೊಂದು ಬ್ಯಾಗನ್ನು ನೀವಿಬ್ಬರೂ ಕೊಳ್ಳಿ. ಅದೇ ಬ್ಯಾಗು ಹುಬ್ಬಳ್ಳಿಯಲ್ಲೂ ಸಲ್ಲುತ್ತದೆ, ಬೆಂಗಳೂರಿನಲ್ಲೂ ಸಲ್ಲುತ್ತದೆ, ಮೆಮ್ಮಿಂಗನ್‌ನಲ್ಲೂ ಸಲ್ಲುತ್ತದೆ. ದೊಡ್ಡ ಸಾಮಾನು ಹೇಗೂ ಚೆಕ್-ಇನ್ ಸೂಟ್‌ಕೇಸಿನಲ್ಲಿ ಮಗಳ ಮನೆ ಸೇರುತ್ತದೆ. ನಾಲ್ಕು ದಿನಕ್ಕೆ 24 ಲೀಟರ್ ಸಾಕೇ ಎಂಬ ಅನುಮಾನ ಬರುವುದು ಸಹಜ, ನನಗೂ ಬಂದಿತ್ತು. ಮೇ ತಿಂಗಳಿನಲ್ಲಿ ಇಟಲಿಯಲ್ಲಿ ದಪ್ಪ ಕೋಟು ಬೇಕಾಗುವುದಿಲ್ಲ. ಮೈಮೇಲೆ ಒಂದು ಜೊತೆ, ಬ್ಯಾಗಿನಲ್ಲಿ ಮೂರು ಜೊತೆ ತೆಳು ಬಟ್ಟೆ, ಒಳಉಡುಪು, ಒಂದು ಶಾಲು, ಔಷಧಿ, ಚಾರ್ಜರ್ ಇಷ್ಟು ಧಾರಾಳವಾಗಿ ಹಿಡಿಯುತ್ತದೆ. ಹಿಡಿಯದಿರುವುದು ಎರಡನೆಯ ಜೊತೆ ಬೂಟು. ಭಾರವಾದ ಬೂಟನ್ನು ಕಾಲಿಗೆ ಹಾಕಿಕೊಂಡು, ಚಪ್ಪಲಿಯನ್ನು ಬ್ಯಾಗಿನಲ್ಲಿಡಿ.

ನನಗಾದದ್ದನ್ನೂ ಹೇಳುತ್ತೇನೆ. ಐದು ವರ್ಷದ ಹಿಂದೆ ಒಂದು ಅಗ್ಗದ ವಿಮಾನ ಸಂಸ್ಥೆಯ ಗೇಟಿನಲ್ಲಿ ಕಬ್ಬಿಣದ ಪಟ್ಟಿಗಳಿಂದ ಮಾಡಿದ ಅಳತೆಯ ಚೌಕಟ್ಟಿನೊಳಗೆ ನನ್ನ ಬ್ಯಾಗನ್ನು ಇಳಿಸಲು ಹೇಳಿದರು. ಮುಕ್ಕಾಲು ಭಾಗ ಸರಾಗವಾಗಿ ಇಳಿದ ಬ್ಯಾಗು ಆಮೇಲೆ ನಿಂತೇಬಿಟ್ಟಿತು. ಮುಂದಿನ ಜೇಬಿನಲ್ಲಿ ಮಡಚಿದ ಕೊಡೆಯೊಂದು ಅಡ್ಡಲಾಗಿ ಮಲಗಿತ್ತು. ಹಿಂದೆ ಸರದಿಯಲ್ಲಿ ನಿಂತಿದ್ದವರ ಎದುರು ಜಿಪ್ ಬಿಚ್ಚಿ ಅದನ್ನು ತೆಗೆಯುವಷ್ಟರಲ್ಲಿ ಸಿಬ್ಬಂದಿ ಕಾರ್ಡಿನ ಯಂತ್ರವನ್ನು ಮುಂದೆ ಚಾಚಿದ್ದರು. ಅಂದು ಕಟ್ಟಿದ ಮೊತ್ತ ನನ್ನ ಟಿಕೆಟ್ಟಿನ ಬೆಲೆಗಿಂತ ಹೆಚ್ಚಿತ್ತು. ಬ್ಯಾಗು ಕೊಂಡಾಗ ಅಳತೆ ಸರಿಯಾಗಿಯೇ ಇತ್ತು. ತುಂಬಿದ ಮೇಲೆ ನಾನು ಅಳೆದಿರಲಿಲ್ಲ.

ಉತ್ತರ 2: ಬ್ಯಾಗು ಹೊಲಿಯುವ ಅಂಗಡಿಯವನು, ಬೆಂಗಳೂರು

ಮೇಲಿನವರು ಕೊನೆಗೆ ಹೇಳಿದ ಮಾತೇ ಮುಖ್ಯ. ಇಪ್ಪತ್ತು ವರ್ಷದಿಂದ ಚಿಕ್ಕಪೇಟೆಯ ಬಳಿ ಬ್ಯಾಗು ಹೊಲಿದು, ರಿಪೇರಿ ಮಾಡಿ ಬದುಕುತ್ತಿರುವ ನಾನು ಲೀಟರಿನ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ. ಕೆಲವು ದೊಡ್ಡ ಕಂಪನಿಗಳು ಬ್ಯಾಗಿನೊಳಗೆ ಸಣ್ಣ ಪ್ಲಾಸ್ಟಿಕ್ ಗುಂಡುಗಳನ್ನು ತುಂಬಿ, ಹೊರಜೇಬುಗಳನ್ನೂ ಸೇರಿಸಿಯೇ ಎಷ್ಟು ಲೀಟರ್ ಎಂದು ಲೆಕ್ಕ ಹಾಕುತ್ತವೆ. ಬೇರೆ ಕೆಲವರು ಕತ್ತರಿಸಿದ ಬಟ್ಟೆಯ ಅಳತೆಯನ್ನು ಗುಣಿಸಿ ಅಂದಾಜು ಬರೆಯುತ್ತಾರೆ. ಹಾಗಾಗಿ ಒಂದೇ ಸಂಖ್ಯೆ ಬರೆದ ಎರಡು ಬ್ಯಾಗುಗಳು ಪಕ್ಕಪಕ್ಕ ಇಟ್ಟಾಗ ಒಂದೇ ಗಾತ್ರದವಾಗಿ ಕಾಣಬೇಕೆಂದೇನಿಲ್ಲ.

ಬಟ್ಟೆಯ ಬ್ಯಾಗಿಗೆ ಉದ್ದ ಮತ್ತು ಅಗಲ ಅಷ್ಟಾಗಿ ಬದಲಾಗುವುದಿಲ್ಲ, ಏಕೆಂದರೆ ಹೊಲಿಗೆ ಅವನ್ನು ಹಿಡಿದಿರುತ್ತದೆ, ಬದಲಾಗುವುದು ದಪ್ಪ. 20 ಸೆಂ.ಮೀ. ದಪ್ಪವೆಂದು ಚೀಟಿಯಲ್ಲಿ ಬರೆದಿದ್ದರೂ ಬಟ್ಟೆ ತುರುಕಿದಾಗ ನಡುವೆ ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿ 24, 25 ಆಗುತ್ತದೆ. ಅಳೆಯುವಾಗ ಟೇಪನ್ನು ಅಂಚಿನಲ್ಲಿ ಹಿಡಿಯದೆ, ಆ ಉಬ್ಬಿನ ತುದಿಯಿಂದ ಹಿಂಬದಿಯ ಪಟ್ಟಿಯ ಹೊರಮೈವರೆಗೆ ಹಿಡಿಯಬೇಕು. ಭುಜದ ಪಟ್ಟಿ, ಮೇಲಿನ ಹಿಡಿಕೆ, ಸೊಂಟದ ಬೆಲ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದಪ್ಪ ಸ್ಪಂಜಿನ ಭುಜಪಟ್ಟಿಗಳೇ 3 ಸೆಂ.ಮೀ. ತಿನ್ನುವುದುಂಟು. ಸೊಂಟದ ಬೆಲ್ಟನ್ನು ಬಿಚ್ಚಿ ತೆಗೆಯಲು ಬರುವಂತಿದ್ದರೆ ಒಳ್ಳೆಯದು. ಇಷ್ಟು ಸಣ್ಣ ಬ್ಯಾಗಿಗೆ ಅದರ ಅಗತ್ಯವೂ ಇಲ್ಲ.

ಕೊಳ್ಳುವಾಗ ಬೆನ್ನಿನ ಕಡೆ ಕೈಯಿಟ್ಟು ಒತ್ತಿ ನೋಡಿ. ಒಳಗೆ ಅಲ್ಯೂಮಿನಿಯಂ ಸರಳು ಇರುವ ಚಾರಣದ ಬ್ಯಾಗು ಮಣಿಯುವುದಿಲ್ಲ, ಹಾಗಾಗಿ ಚೌಕಟ್ಟಿನಲ್ಲಿ ಒಂದು ಸೆಂ.ಮೀ. ಹೆಚ್ಚಾದರೂ ಇಳಿಯುವುದಿಲ್ಲ. ತೆಳು ಸ್ಪಂಜಿನ ಬೆನ್ನು ಇರುವ ಮೆತ್ತನೆಯ ಬ್ಯಾಗು ಸ್ವಲ್ಪ ಒತ್ತಿದರೆ ಒಳಗೆ ಸರಿಯುತ್ತದೆ. ಪಕ್ಕದಲ್ಲಿ ಎಳೆದು ಬಿಗಿಯುವ ಪಟ್ಟಿಗಳಿದ್ದರೆ ಉಬ್ಬು ಇಳಿಯುತ್ತದೆ. ಜಿಪ್ಪು ಸೂಟ್‌ಕೇಸಿನಂತೆ ಮೂರು ಕಡೆ ಸುತ್ತಿ ತೆರೆಯುವ ಬ್ಯಾಗನ್ನೇ ಆರಿಸಿ. ಮೇಲಿನಿಂದ ಮಾತ್ರ ತೆರೆಯುವ ಬ್ಯಾಗಿನಲ್ಲಿ ಮಾತ್ರೆಯ ಡಬ್ಬಿ ತೆಗೆಯಲು ಎಲ್ಲವನ್ನೂ ಹೊರಹಾಕಬೇಕಾಗುತ್ತದೆ. ಹಿಗ್ಗಿಸಲೆಂದು ಸುತ್ತಲೂ ಹೆಚ್ಚುವರಿ ಜಿಪ್ಪು ಇಟ್ಟಿರುವ ಬ್ಯಾಗುಗಳೂ ಬರುತ್ತವೆ. ಅದನ್ನು ಮುಚ್ಚಿಟ್ಟರೆ ಅಳತೆಯೊಳಗೆ ಇರುತ್ತದೆ, ಆದರೆ ವಾಪಸು ಬರುವಾಗ ಯಾರಾದರೂ ತೆರೆದೇ ತೆರೆಯುತ್ತಾರೆ. ನನಗೆ ಆ ಜಿಪ್ಪು ಇಷ್ಟವಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡುವ ದಾರಿ ಸುಲಭ. ಕಿರಾಣಿ ಅಂಗಡಿಯಿಂದ ಗಟ್ಟಿ ಕಾರ್ಟನ್ ಡಬ್ಬಿಯೊಂದನ್ನು ತಂದು, ಒಳಗಿನ ಅಳತೆ 40 ಎತ್ತರ, 30 ಅಗಲ, 20 ದಪ್ಪ ಬರುವಂತೆ ಕತ್ತರಿಸಿ, ಅಗಲವಾದ ಟೇಪಿನಿಂದ ಮೂಲೆಗಳನ್ನು ಬಿಗಿಯಾಗಿ ಅಂಟಿಸಿ, ಮೇಲ್ಭಾಗ ತೆರೆದಿಡಿ. ಪ್ರಯಾಣಕ್ಕೆ ತುಂಬುವಂತೆಯೇ ಎಲ್ಲವನ್ನೂ ತುಂಬಿದ ಬ್ಯಾಗನ್ನು ಅದರೊಳಗೆ ಇಳಿಸಿ. ಡಬ್ಬಿಯ ಗೋಡೆ ಹೊರಗೆ ಬಾಗದಂತೆ ಬ್ಯಾಗು ಇಳಿದು, ಎತ್ತಿದಾಗ ಡಬ್ಬಿಯೂ ಜೊತೆಗೆ ಏಳದಿದ್ದರೆ ನಿಮ್ಮ ಬ್ಯಾಗು ಸರಿಯಿದೆ ಎಂದರ್ಥ.

ಉತ್ತರ 3: ಕೆಲಸದ ಮೇಲೆ ಓಡಾಡುವವನು, ಮೈಸೂರು

ಅಳತೆಯ ವಿಷಯವನ್ನು ಇಬ್ಬರೂ ವಿವರವಾಗಿ ಹೇಳಿದ್ದಾರೆ. ತೂಕ ಮತ್ತು ಸಣ್ಣ ವಿಮಾನಗಳ ಬಗ್ಗೆ ನಾನು ಹೇಳುತ್ತೇನೆ. ಭಾರತದ ಒಳಗೆ ಹೆಚ್ಚಾಗಿ ಅಡ್ಡಿಯಾಗುವುದು ತೂಕವೇ. ಚಕ್ರವಿರುವ ಟ್ರಾಲಿ ಖಾಲಿಯಿದ್ದಾಗಲೇ ಎರಡೂವರೆ ಕಿಲೊ ತೂಗಿದರೆ 7 ಕಿಲೊದಲ್ಲಿ ನಿಮಗೆ ಉಳಿಯುವುದು ನಾಲ್ಕೂವರೆ. ಬಟ್ಟೆಯ ಸಣ್ಣ ಬ್ಯಾಕ್‌ಪ್ಯಾಕ್ 700, 800 ಗ್ರಾಂ ಇರುತ್ತದೆ. ಮಂಡಿನೋವು ಇಲ್ಲದವರಿಗೂ ಇದೇ ಕಾರಣಕ್ಕೆ ನಾನು ಬ್ಯಾಕ್‌ಪ್ಯಾಕನ್ನೇ ಹೇಳುತ್ತೇನೆ. ಇಂಡಿಗೊದಲ್ಲಿ ಈ 7 ಕಿಲೊ ಅಲ್ಲದೆ, 3 ಕಿಲೊ ಮೀರದ ಹೆಂಗಸರ ಪರ್ಸ್ ಅಥವಾ ಸಣ್ಣ ಲ್ಯಾಪ್‌ಟಾಪ್ ಚೀಲವೊಂದಕ್ಕೂ ಅವಕಾಶವಿದೆ. ರಯನ್‌ಏರ್‌ನ ಆ ಟಿಕೆಟ್ಟಿನಲ್ಲಿ ಪರ್ಸಿಗೆ ಪ್ರತ್ಯೇಕ ಜಾಗವಿಲ್ಲ, ಅದೂ ಬ್ಯಾಗಿನೊಳಗೇ ಹೋಗಬೇಕು. ಇದನ್ನು ಮರೆತು ಹೆಗಲಿಗೆ ಪರ್ಸ್ ತೂಗುಹಾಕಿಕೊಂಡು ಗೇಟಿಗೆ ಹೋಗಬೇಡಿ.

ನಾನು ಮೈಸೂರಿನಿಂದ ಹೈದರಾಬಾದಿಗೆ ಆಗಾಗ ಹೋಗುತ್ತೇನೆ. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಚಿಕ್ಕದು, ಹಾಗಾಗಿ ಅಲ್ಲಿಗೆ ಬರುವುದು 78 ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ. ಅದರಲ್ಲಿ ತಲೆಯ ಮೇಲಿನ ಕಪಾಟು ಎಷ್ಟು ಕಿರಿದೆಂದರೆ, ನಿಯಮದ ಅಳತೆಯೊಳಗೇ ಇರುವ ಗಟ್ಟಿ ಟ್ರಾಲಿಯೂ ಅದರಲ್ಲಿ ಕೂರುವುದಿಲ್ಲ. ವಿಮಾನದ ಮೆಟ್ಟಿಲಿನ ಬಳಿಯೇ ಅದಕ್ಕೆ ಚೀಟಿ ಕಟ್ಟಿ ಕೆಳಗಿನ ಲಗೇಜಿಗೆ ಹಾಕುತ್ತಾರೆ. ಹುಬ್ಬಳ್ಳಿಯಿಂದ ನಿಮಗೆ ಯಾವ ವಿಮಾನ ಸಿಗುತ್ತದೆಂಬುದನ್ನು ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಎಟಿಆರ್ ಆಗಿದ್ದರೂ 20 ಸೆಂ.ಮೀ. ದಪ್ಪದ ಮೆತ್ತನೆಯ ಬ್ಯಾಗನ್ನು ಎದುರಿನ ಸೀಟಿನ ಕೆಳಗೆ ತಳ್ಳಬಹುದು, ಚಿಂತೆಯಿಲ್ಲ.

ಇದರಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ನೆನಪಿಡಿ. ಯಾವುದೇ ಕಾರಣಕ್ಕೆ ಕೈಯ ಬ್ಯಾಗನ್ನು ಬಾಗಿಲಲ್ಲಿ ತೆಗೆದುಕೊಂಡರೂ ಪವರ್ ಬ್ಯಾಂಕ್, ಔಷಧಿ, ಪಾಸ್‌ಪೋರ್ಟ್ ಮೂರನ್ನೂ ಮೊದಲು ಹೊರಗೆ ತೆಗೆಯಿರಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿ ನಂದಿಸಬಲ್ಲರು, ಕೆಳಗಿನ ಲಗೇಜಿನಲ್ಲಿ ಯಾರ ಕೈಗೂ ಎಟುಕುವುದಿಲ್ಲ. ಅದಕ್ಕಾಗಿಯೇ ಪವರ್ ಬ್ಯಾಂಕನ್ನು ಚೆಕ್-ಇನ್‌ನಲ್ಲಿ ಹಾಕಲು ಬಿಡುವುದಿಲ್ಲ. ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಅವರ್ ಲೆಕ್ಕದಲ್ಲಿ ಅಳೆಯುತ್ತಾರೆ, 100 ವ್ಯಾಟ್-ಅವರ್ ಒಳಗಿನದಕ್ಕೆ ಮೊದಲೇ ಅನುಮತಿ ಕೇಳಬೇಕಾಗಿಲ್ಲ. ಸಾಮಾನ್ಯವಾಗಿ ನಾವು ಬಳಸುವ 20,000 ಎಂಎಎಚ್‌ನದು 74 ವ್ಯಾಟ್-ಅವರ್ ಆಗುತ್ತದೆ. ಆದರೆ ಪವರ್ ಬ್ಯಾಂಕಿನ ಮೇಲೆ ಬರೆದ ಅಕ್ಷರ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಹಾಗಾಗಿ ಅಕ್ಷರ ಸ್ಪಷ್ಟವಿರುವುದನ್ನೇ ಒಯ್ಯಿರಿ. ಮುಲಾಮು, ಎಣ್ಣೆ, ಉಪ್ಪಿನಕಾಯಿಯಂಥವು ಅಂತರರಾಷ್ಟ್ರೀಯ ವಿಮಾನದಲ್ಲಿ 100 ಮಿ.ಲೀ. ಡಬ್ಬಿಗಿಂತ ಹೆಚ್ಚಿದ್ದರೆ ಚೆಕ್-ಇನ್ ಸೂಟ್‌ಕೇಸಿಗೇ ಹೋಗಲಿ.

ಪ್ರಶ್ನೆ ಕೇಳಿದವರು: ಉಪನ್ಯಾಸಕಿ, ಧಾರವಾಡ

ಮೂವರಿಗೂ ಮನಸಾರೆ ಧನ್ಯವಾದಗಳು. ಬೆಂಗಳೂರಿನ ಸಹೋದರರು ಹೇಳಿದಂತೆ ಬಿಸ್ಕತ್ತಿನ ಕಾರ್ಟನ್ ತಂದು ಡಬ್ಬಿ ಮಾಡಿದೆವು. ಸುಭಾಸ ರಸ್ತೆಯ ಅಂಗಡಿಯಲ್ಲಿ ನಾಲ್ಕು ಬ್ಯಾಗು ನೋಡಿ, ಕೊನೆಗೆ 39×29×19 ಎಂದು ಚೀಟಿಯಿರುವ, ಮೂರು ಕಡೆ ಜಿಪ್ಪಿರುವ, ಬೆನ್ನು ಮೆತ್ತಗಿರುವ ಒಂದನ್ನು ತಂದೆ. ಖಾಲಿ ಬ್ಯಾಗು ಅಡುಗೆಮನೆಯ ತಕ್ಕಡಿಯಲ್ಲಿ 720 ಗ್ರಾಂ ತೂಗಿತು. ಮೊದಲ ಸಲ ತುಂಬಿ ಇಳಿಸಿದಾಗ ಡಬ್ಬಿಯ ಗೋಡೆ ಬಾಗಿತು. ಶಾಲನ್ನು ಹೊರಗೆ ತೆಗೆದು ಹೆಗಲಿಗೆ ಹಾಕಿಕೊಂಡು, ಮುಂದಿನ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿಯನ್ನು ಬಟ್ಟೆಗಳ ನಡುವೆ ಸೇರಿಸಿದ ಮೇಲೆ ತಳ ಮುಟ್ಟಿತು. ಒಟ್ಟು ತೂಕ 5 ಕಿಲೊ 300 ಗ್ರಾಂ. ಇನ್ನು ಉಳಿದಿರುವುದು ರೊಟ್ಟಿಯ ಚಿಂತೆ. ನಮ್ಮ ರೊಟ್ಟಿ 24 ಸೆಂ.ಮೀ. ಅಗಲ ಬರುತ್ತದೆ, ಇಪ್ಪತ್ತು ರೊಟ್ಟಿ ಒಯ್ಯಬೇಕು.

ಉತ್ತರ 1: ಮ್ಯೂನಿಕ್‌ನಲ್ಲಿರುವ ಕನ್ನಡಿಗ

ನೀವು 29 ಸೆಂ.ಮೀ. ಅಗಲದ ಬ್ಯಾಗು ತಂದಿರುವುದರಿಂದ 24ರ ರೊಟ್ಟಿಗೆ ಜಾಗವಿದೆ, ಮೇಡಂ. ಇಟಲಿಗೆ ಹೋಗುವಾಗ ರೊಟ್ಟಿ ಇರುವುದಿಲ್ಲ, ಮ್ಯೂನಿಕ್‌ಗೆ ಬರುವಾಗ ನಿಮ್ಮ ಬಟ್ಟೆಗಳು ಸೂಟ್‌ಕೇಸಿನಲ್ಲಿರುತ್ತವೆ. ಹಾಗಾಗಿ ಬರುವ ದಾರಿಯಲ್ಲಿ ಇಡೀ ಬ್ಯಾಗು ರೊಟ್ಟಿಯದೇ ಎಂದುಕೊಳ್ಳಿ. ನಮ್ಮ ತಾಯಿ ರೊಟ್ಟಿಗಳನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಹಿಂದೆ ಮುಂದೆ ಒಂದೊಂದು ರಟ್ಟಿಟ್ಟು, ಬ್ಯಾಗಿನ ಬೆನ್ನಿನ ಕಡೆ ನಿಲ್ಲಿಸಿ ತರುತ್ತಾರೆ. ಅಡ್ಡ ಮಲಗಿಸಿದರೆ ಮೇಲಿನ ಸಾಮಾನಿನ ಭಾರಕ್ಕೆ ಒಡೆಯುತ್ತವೆ, ನಿಲ್ಲಿಸಿದರೆ ಒಡೆಯುವುದಿಲ್ಲ. ಬೆಂಗಳೂರಿನ ತಪಾಸಣೆಯಲ್ಲಿ ಬ್ಯಾಗು ತೆರೆಯಲು ಹೇಳಿದರೆ ನೀವೇ ಕೈಯಾರೆ ತೆರೆದು ತೋರಿಸಿ, ಮತ್ತೆ ನೀವೇ ನಿಲ್ಲಿಸಿಡಿ.