ಪದಚರ್ಚೆ: ‘ಪರಾವಲಂಬಿ ರೋಗ’ ಸರಿಯೇ? ಐವರ್ಮೆಕ್ಟಿನ್ ‘ಪ್ರತಿಜೀವಕ’ವೇ?

ಗೆಳೆಯರೇ, ನಮಸ್ಕಾರ.

ಬ್ಯಾಕ್ಟೀರಿಯಾಗಳು ತಯಾರಿಸುವ ರಾಸಾಯನಿಕಗಳಲ್ಲಿ ಜಂತುಹುಳು, ಮಲೇರಿಯಾದಂಥ ಕಾಯಿಲೆಗಳಿಗೆ ಮದ್ದು ಹುಡುಕುವ ಕೆಲಸದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ಎಡವಿದೆ. ‘ಪರಾವಲಂಬಿ ರೋಗಗಳಿಗೆ ಬ್ಯಾಕ್ಟೀರಿಯಾ ಮೂಲದ ಸಂಭಾವ್ಯ ಚಿಕಿತ್ಸೆಗಳು’ ಅಂತ ಬರೆದು ನಮ್ಮ ಅತ್ತೆಗೆ ಓದಲು ಕೊಟ್ಟೆ. ಅವರು ದಿನಾ ಪೇಪರ್ ಓದುವವರು. ‘ಪರಾವಲಂಬಿ’ ಮೇಲೆ ಬೆರಳಿಟ್ಟು ಕೇಳಿದರು: “ಹಾಸಿಗೆ ಹಿಡಿದು ಬೇರೆಯವರ ಆಸರೆಯಲ್ಲೇ ಇರಬೇಕಾಗುತ್ತಲ್ಲ, ಆ ಥರದ ಕಾಯಿಲೆನಾ?”

ಅವರ ಓದು ತಪ್ಪಲ್ಲ. ದಿನದ ಮಾತಿನಲ್ಲಿ ಪರಾವಲಂಬಿ ಅಂದರೆ ಇನ್ನೊಬ್ಬರನ್ನು ನೆಚ್ಚಿಕೊಂಡ ಮನುಷ್ಯ. ವಿಜ್ಞಾನದ ಪುಸ್ತಕ ಓದಿದವರಿಗೆ ಮಾತ್ರ ಅದು ಇನ್ನೊಂದು ಜೀವಿಯ ಮೈಯಲ್ಲಿ ಸೇರಿಕೊಂಡು ಅದನ್ನೇ ಉಂಡು ಬದುಕುವ ಜೀವಿ. ಪರಾವಲಂಬಿ ಆಗಿರುವುದು ಹುಳು, ರೋಗವಲ್ಲ. ಆದ್ದರಿಂದ ‘ಪರಾವಲಂಬಿಗಳಿಂದ ಬರುವ ರೋಗ’ ಅಂತ ಬಿಡಿಸಿ ಬರೆದರೆ ಅರ್ಧ ತೊಡಕು ಕಳೆಯಿತು. ಉಳಿದರ್ಧಕ್ಕೆ ‘ಪರೋಪಜೀವಿ’ ಅಥವಾ ‘ಪರಜೀವಿ’ ಆಗಬಹುದಾ? ‘ಜೀವಿ’ ಅಂತ ಇರುವುದರಿಂದ ಮನುಷ್ಯರ ಅವಲಂಬನೆಯ ಅರ್ಥ ಅಷ್ಟಾಗಿ ನುಸುಳುವುದಿಲ್ಲ ಅನ್ನಿಸುತ್ತದೆ. ಮರದ ಕೊಂಬೆಗೆ ಅಂಟಿ ಬೆಳೆಯುವ ‘ಬಂದಳಿಕೆ’ ಎಷ್ಟು ಒಳ್ಳೆಯ ಪದ! ಆದರೆ ಅದು ಗಿಡಕ್ಕೇ ಅಂಟಿಕೊಂಡ ಪದ. ಮಲೇರಿಯಾದ ಒಂಟಿಕೋಶದ ಜೀವಿಯನ್ನು ಬಂದಳಿಕೆ ಅಂದರೆ ಯಾರೂ ಒಪ್ಪಲಾರರು.

‘ಜಂತು’, ‘ಕ್ರಿಮಿ’ ಕೂಡ ಯೋಚಿಸಿದೆ. ಜಂತು ಅಂದರೆ ಸಂಸ್ಕೃತದಲ್ಲಿ ಪ್ರಾಣಿ, ನಮ್ಮ ಬಾಯಲ್ಲಿ ಹೊಟ್ಟೆಯ ಹುಳು. ಹುಳುಗಳಿಗೆ ಸರಿ, ಮಲೇರಿಯಾಕ್ಕೆ ಆಗದು. ಕ್ರಿಮಿ ಮೂಲದಲ್ಲಿ ಹುಳುವೇ ಆದರೂ ‘ಕ್ರಿಮಿನಾಶಕ’ ಅಂದ ಕೂಡಲೇ ಕಣ್ಣಮುಂದೆ ಬರುವುದು ಬೆಳೆಗೆ ಸಿಂಪಡಿಸುವ ವಿಷ. ನುಂಗುವ ಮಾತ್ರೆಗೆ ಆ ಹೆಸರು ಬೇಡವೇ ಬೇಡ.

ಇನ್ನು ನಿಜವಾದ ಕಗ್ಗಂಟು. 1970ರ ದಶಕದಲ್ಲಿ ಜಪಾನಿನ ಸತೋಶಿ ಓಮುರಾ ಅವರ ತಂಡ ಕವಾನಾ ಎಂಬಲ್ಲಿನ ಮಣ್ಣಿನಿಂದ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿತು. ಅದು ತಯಾರಿಸುವ ಅವರ್ಮೆಕ್ಟಿನ್ ಹುಳುಗಳನ್ನು ಕೊಲ್ಲುತ್ತದೆ ಅಂತ ಅಮೆರಿಕದ ಮರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅವರ ತಂಡ ತೋರಿಸಿಕೊಟ್ಟಿತು. ಅದನ್ನೇ ಸ್ವಲ್ಪ ಮಾರ್ಪಡಿಸಿದಾಗ ಐವರ್ಮೆಕ್ಟಿನ್ ಆಯಿತು. 2015ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಹೆಸರಿನ ನಡುವೆ ಇರುವ ‘ವರ್ಮ್’ ಲ್ಯಾಟಿನ್ನಿನಲ್ಲಿ ಹುಳು ಅನ್ನುವ ಪದದಿಂದ ಬಂದದ್ದು. ಹೆಸರಲ್ಲೇ ಹುಳು ಕೂತಿದೆ!

ಇದನ್ನು ‘ಪ್ರತಿಜೀವಕ’, ಅಂದರೆ ಆಂಟಿಬಯೋಟಿಕ್, ಅನ್ನಬಹುದಾ? ಒಂದು ಸೂಕ್ಷ್ಮಜೀವಿ ತಯಾರಿಸಿದ್ದು ಇನ್ನೊಂದು ಸೂಕ್ಷ್ಮಜೀವಿಯನ್ನು ತಡೆಯಬೇಕು, ಅದು ಆಂಟಿಬಯೋಟಿಕ್ ಅಂತ ಸೂಕ್ಷ್ಮಜೀವಿ ವಿಜ್ಞಾನಿ ವಾಕ್ಸ್‌ಮನ್ 1940ರ ದಶಕದಲ್ಲಿ ಹೇಳಿದ್ದರು. ಐವರ್ಮೆಕ್ಟಿನ್ ಹುಟ್ಟಿದ್ದು ಬ್ಯಾಕ್ಟೀರಿಯಾದಲ್ಲಿ, ಆದರೆ ಅದನ್ನು ಕೊಡುವುದು ಬ್ಯಾಕ್ಟೀರಿಯಾ ಕೊಲ್ಲಲು ಅಲ್ಲ. ಹುಳುವಿನ ನರ, ಸ್ನಾಯುಗಳನ್ನು ಅದು ಮರಗಟ್ಟಿಸುತ್ತದೆ. ಹಾಗಾಗಿ ನಾನು ‘ಹುಳುಮದ್ದು’ ಅಂತ ಬರೆದೆ. ಚಿಕ್ಕದು, ಓದಿದ ತಕ್ಷಣ ತಿಳಿಯುತ್ತದೆ.

ಅಷ್ಟಕ್ಕೆ ಮುಗಿಯಲಿಲ್ಲ. ಆನೆಕಾಲು ರೋಗದ ಹುಳುವಿನ ಮೈಯೊಳಗೆ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಬದುಕುತ್ತದೆ. ಅದಿಲ್ಲದೆ ಹುಳುವಿಗೆ ಬಾಳಲಾಗದು. ಡಾಕ್ಸಿಸೈಕ್ಲಿನ್ ಅನ್ನುವ ಮದ್ದು ಕೊಟ್ಟರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ, ಹುಳು ಮರಿಹಾಕುವುದು ನಿಂತು ನಿಧಾನಕ್ಕೆ ಸಾಯುತ್ತದೆ. ಇಲ್ಲಿ ‘ಪ್ರತಿಜೀವಕ’ವೇ ಸರಿ, ಸತ್ತದ್ದು ಹುಳುವಾದರೂ. ಆಂಫೊಟೆರಿಸಿನ್ ಬಿ ನೋಡಿ. ಅದೂ ಸ್ಟ್ರೆಪ್ಟೊಮೈಸಿಸ್ ಕೊಡುಗೆ. ಹೆಸರುವಾಸಿಯಾದದ್ದು ಶಿಲೀಂಧ್ರನಾಶಕ ಅಂತ, ಒಂಟಿಕೋಶದ ಪರಜೀವಿಯಿಂದ ಬರುವ ಕಾಲಾ ಅಜಾರ್ ಜ್ವರಕ್ಕೂ ಅದೇ ಮದ್ದು. ಒಂದೇ ಔಷಧಿಗೆ ಒಂದೇ ಹಣೆಪಟ್ಟಿ ಹಚ್ಚಿದರೆ ನಡೆಯುವುದಿಲ್ಲ. ಆ ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆಯೋ ಆ ಹೆಸರು ಕೊಡುವುದು ನನಗೆ ಸರಿ ಕಾಣುತ್ತದೆ. ನೀವೇನಂತೀರಿ?

‘ಸಂಭಾವ್ಯ’ವನ್ನು ಕಿತ್ತುಹಾಕಿದ್ದೇನೆ. ‘ಮದ್ದಾಗಬಹುದು’ ಅಂದರೆ ಸಾಕಲ್ವಾ? ಆ ‘ಬಹುದು’ ಮಾತ್ರ ಬಿಟ್ಟುಹೋಗಬಾರದು. ಐವರ್ಮೆಕ್ಟಿನ್ 1987ರಿಂದ ಜನರಿಗೆ ಕೊಡುತ್ತಿರುವ ಮದ್ದು. 2023ರಲ್ಲಿ ಸುದ್ದಿಯಾದ ಹಾರ್ಮೇನ್ ಅನ್ನುವ ರಾಸಾಯನಿಕ ಹಾಗಲ್ಲ. ಡೆಲ್ಫ್ಟಿಯಾ ಅನ್ನುವ ಬ್ಯಾಕ್ಟೀರಿಯಾ ಸೊಳ್ಳೆಯ ಕರುಳಲ್ಲಿ ಕೂತು ಅದನ್ನು ಸ್ರವಿಸುತ್ತದೆ. ಮಲೇರಿಯಾದ ಪರಜೀವಿ ಆ ಸೊಳ್ಳೆಯಲ್ಲಿ ಸರಿಯಾಗಿ ಬೆಳೆಯಲಾರದು. ಅಂದರೆ ಕಾಯಿಲೆ ಮನುಷ್ಯನದು, ಮದ್ದು ಬೀಳುವುದು ಸೊಳ್ಳೆಗೆ. ಇದನ್ನು ‘ಚಿಕಿತ್ಸೆ’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ‘ತಡೆ’ ಅಂತ ಬರೆದಿದ್ದೇನೆ.

ಕೊನೆಯದಾಗಿ, ಐವರ್ಮೆಕ್ಟಿನ್ ಜಾಸ್ತಿ ಜನರ ಕಣ್ಣು ಉಳಿಸಿದ ಕಾಯಿಲೆಯ ಹೆಸರು. ರಭಸದ ಹೊಳೆಗಳಲ್ಲಿ ಮೊಟ್ಟೆಯಿಡುವ ಕಪ್ಪು ನೊಣ ಕಚ್ಚಿ ಹುಳು ಮೈ ಸೇರುತ್ತದೆ. ಅದರ ಮರಿಗಳು ಕಣ್ಣಿಗೆ ಹೋದರೆ ದೃಷ್ಟಿಯೇ ಹೋಗುತ್ತದೆ. ‘ನದಿ ಅಂಧತ್ವ’ ಅಂತ ಬರೆಯುವುದನ್ನು ನೋಡಿದ್ದೇನೆ. ನನಗೆ ‘ಹೊಳೆಗುರುಡು’ ಹೊಳೆಯಿತು, ಇರುಳುಗುರುಡಿನ ಜಾಡಿನಲ್ಲಿ. ಇರುಳುಗುರುಡು ಅಂದರೆ ಇರುಳಲ್ಲಿ ಕಾಣದಿರುವುದು. ಹಾಗೇ ಹೊಳೆಗುರುಡು ಅಂದರೆ ಹೊಳೆಯಲ್ಲಿ ಕಾಣದಿರುವುದು ಅಂತ ಯಾರಾದರೂ ತಿಳಿದಾರಾ? ಓದಿದ ಕೂಡಲೇ ನಿಮಗೆ ಯಾವ ಅರ್ಥ ಬಂತು, ಅದನ್ನೇ ಬರೆಯಿರಿ. ನಿಘಂಟು ಆಮೇಲೆ ನೋಡೋಣ.