ಹಡಗು ಖಾಲಿ ಮಾಡೋ ಸಿಮ್ಯುಲೇಶನ್, ಎಲ್ಲಿಂದ ಶುರು ಮಾಡ್ಲಿ?

ಪುಣೆಹುಡುಗ: ನಾನು ಪುಣೆಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ, ಪ್ರಾಜೆಕ್ಟಿಗೆ ದೊಡ್ಡ ಕ್ರೂಸ್ ಹಡಗಿಂದ ಜನ ಹೊರಗೆ ಬರೋದನ್ನ ಸಿಮ್ಯುಲೇಟ್ ಮಾಡ್ಬೇಕು, ಬಿಲ್ಡಿಂಗ್ ಮಾಡೆಲ್‌ನೇ ಎತ್ತಿ ಹಾಕಿದ್ರೆ ನಡಿಯುತ್ತಾ?

ಮಜಗಾಂವ್_ಮಾವ: ನಡಿಯಲ್ಲ ಗುರು. ಬಿಲ್ಡಿಂಗಲ್ಲಿ ಹೊರಗೆ ಬಂದ್ರೆ ಮುಗೀತು, ಇಲ್ಲಿ ಮೊದಲು ಮಸ್ಟರ್ ಸ್ಟೇಷನ್ (ಅಪಾಯ ಬಂದಾಗ ಎಲ್ರೂ ಸೇರೋ ಜಾಗ), ಆಮೇಲೆ ಲೈಫ್‌ಬೋಟು. ಐಎಂಒ, ಅಂದ್ರೆ ವಿಶ್ವಸಂಸ್ಥೆಯ ಹಡಗು ಸಂಸ್ಥೆ, ಅದರ 2016ರ ಸರ್ಕ್ಯುಲರ್ 1533 ಓದು, ಹಡಗು ಖಾಲಿ ಮಾಡೋ ಲೆಕ್ಕದ ಮಾರ್ಗಸೂಚಿ ಅದು, ಹಗಲು ಕೇಸ್ ರಾತ್ರಿ ಕೇಸ್ ಬೇರೆ ಬೇರೆ, ರಾತ್ರಿ ಎಲ್ರೂ ಕ್ಯಾಬಿನಲ್ಲಿ ಮಲಗಿರ್ತಾರಲ್ಲ, ಎದ್ದು ಹೊರಡೋಕೇ 10 ನಿಮಿಷ ಹಿಡೀತಾರೆ, ಹಗಲಾದ್ರೆ 5. ಮೂರಕ್ಕಿಂತ ಜಾಸ್ತಿ ಫೈರ್ ಝೋನ್ (ಬೆಂಕಿ ಹರಡದ ಹಾಗೆ ಅಡ್ಡಗೋಡೆ ಹಾಕಿದ ಭಾಗ) ಇರೋ ಕ್ರೂಸ್ ಹಡಗಿಗೆ ಒಟ್ಟು ಮಿತಿ 80 ನಿಮಿಷ, ರೋ-ರೋ ಫೆರಿಗೆ (ವಾಹನಗಳನ್ನ ಓಡಿಸ್ಕೊಂಡೇ ಹತ್ತಿಸೋ ಹಡಗು) 60.

ಪುಣೆಹುಡುಗ: ಹಡಗು ವಾಲಿದ್ರೆ?

ಮಜಗಾಂವ್_ಮಾವ: ಅಲ್ಲೇ ನೋಡು ಮಜಾ. ಆ ಸರ್ಕ್ಯುಲರಿನ ಸರಳ ಲೆಕ್ಕದಲ್ಲಿ ಓಲಾಟ, ಹೊಗೆ ಎಲ್ಲಾ ಸೇಫ್ಟಿ ಫ್ಯಾಕ್ಟರ್ 1.25 ಒಳಗೇ ತುರುಕಿಬಿಟ್ಟಿದ್ದಾರೆ, ಅಂದ್ರೆ ನಡೆಯೋ ಸಮಯಾನ 1.25ರಿಂದ ಗುಣಿಸಿಬಿಡ್ತಾರೆ, ನಂಗಂತೂ ಅದು ಸಾಲದು ಅನ್ಸುತ್ತೆ. 2012ರಲ್ಲಿ ಇಟಲಿಯ ಕ್ರೂಸ್ ಹಡಗು ಕೋಸ್ಟಾ ಕಾನ್‌ಕಾರ್ಡಿಯಾ ವಾಲಿದ್ಮೇಲೆ ಕೆಲವು ಬೋಟ್ ಇಳಿಸೋಕೇ ಆಗ್ಲಿಲ್ಲ, 32 ಜನ ಸತ್ರು.

ವಾಸ್ಕೋವಾಸಿ: ಎದುರು ಬರೋ ಜನಾನೂ ಹಾಕು ಮಾರಾಯ. ಮಗು ಕ್ಯಾಬಿನಲ್ಲಿದೆ ಅಂತ ಒಬ್ರು ಮೆಟ್ಟಿಲಲ್ಲಿ ತಿರುಗಿದ್ರೆ ಸಾಕು, ಮುಂಬೈಲಿ ದಾದರ್ ಸ್ಟೇಷನ್ ಬ್ರಿಡ್ಜ್ ಸಾಯಂಕಾಲ ಎಷ್ಟು ರಶ್ ಅಂತ ನೋಡಿದೀಯಲ್ಲ? ಸಾಫ್ಟ್‌ವೇರ್ ಅಂದ್ರೆ, ಹಡಗಿಗೇ ಅಂತ ಇರೋ ಮಾರಿಟೈಮ್ ಎಕ್ಸೋಡಸ್ ಗ್ರೀನಿಚ್ ಯೂನಿವರ್ಸಿಟಿಯವ್ರದ್ದು, ಲೈಸೆನ್ಸ್ ಬೇಕು, ನಿಂಗೆ ಜನರ ಓಡಾಟ ಸಿಮ್ಯುಲೇಟ್ ಮಾಡೋ ಜುಪೆಡ್‌ಸಿಮ್ ಸಾಕು, ಫ್ರೀ, ಪೈಥಾನಲ್ಲೇ ಬರೀಬಹುದು. ಮೊದಲು ಒಂದೇ ಡೆಕ್, ಒಂದೇ ಮೆಟ್ಟಿಲು ಮಾಡಿ ತೋರ್ಸು.