ಊರಿನಲ್ಲಿದ್ದುಕೊಂಡೇ ವೆಬ್ ಡೆವಲಪ್‌ಮೆಂಟ್ ಕಲಿತು ಮೊದಲ ಕೆಲಸಕ್ಕೆ ಸಿದ್ಧವಾಗುವುದು ಹೇಗೆ?

ಪ್ರಶ್ನೆ: ಹೊಸನಗರ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೇನೆ. ನಮಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ; ಕಳೆದೆರಡು ಮಳೆಗಾಲ ಕೊಳೆ ರೋಗದಿಂದ ಫಸಲು ಕೈಕೊಟ್ಟಿರುವುದರಿಂದ, ಬೆಂಗಳೂರಿನಲ್ಲಿ ರೂಮು ಮಾಡಿ ತರಬೇತಿಗೆ ಸೇರುವ ಮಾತನ್ನು ಅಪ್ಪನ ಮುಂದೆ ಎತ್ತಲು ಮನಸ್ಸಾಗುತ್ತಿಲ್ಲ. ನಾಲ್ಕು ತಿಂಗಳಿಂದ ವಿಡಿಯೊ ನೋಡಿ ವೆಬ್ ಪುಟದ ಚೌಕಟ್ಟು ಕಟ್ಟುವ ಎಚ್‌ಟಿಎಂಎಲ್, ಅದರ ಅಂದ ರೂಪಿಸುವ ಸಿಎಸ್‌ಎಸ್ ಕಲಿತಿದ್ದೇನೆ, ಪುಟಕ್ಕೆ ಕೆಲಸ ಹೇಳುವ ಭಾಷೆ ಜಾವಾಸ್ಕ್ರಿಪ್ಟ್ ಅರ್ಧಕ್ಕೆ ನಿಂತಿದೆ, ನಡುವೆ ಪುಟ ಕಟ್ಟಲು ನೆರವಾಗುವ ಸಿದ್ಧ ಕೋಡ್ ಸಂಗ್ರಹವಾದ ರಿಯಾಕ್ಟ್ ಕೂಡ ಶುರುಮಾಡಿದೆ. ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ಖಾಲಿ ಫೈಲ್ ತೆರೆದು ಕುಳಿತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡೂ ಇರುವುದಿಲ್ಲ. ಮೊದಲ ಕೆಲಸಕ್ಕೆ ಎಷ್ಟು ಕಲಿತರೆ ಸಾಕು, ಈ ಪರಿಸ್ಥಿತಿಯಲ್ಲಿ ಹೇಗೆ ಕಲಿಯಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ: ತೀರ್ಥಹಳ್ಳಿ ಮೂಲದವನು, ಸದ್ಯ ಬೆಂಗಳೂರಿನಲ್ಲಿ ಉದ್ಯೋಗ

ತಂಗಿ, ರಿಯಾಕ್ಟನ್ನು ಸದ್ಯಕ್ಕೆ ಬದಿಗಿಡಿ. ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ, ರಿಯಾಕ್ಟ್ ಹೊರಬಂದದ್ದು 2013ರಲ್ಲಿ. ಎರಡನೆಯದು ಮೊದಲನೆಯದರ ಮೇಲೆಯೇ ನಿಂತಿರುವುದರಿಂದ, ಬುಡ ಗಟ್ಟಿಯಾಗದೆ ಅದನ್ನು ಹಿಡಿದವರು ತಪ್ಪು ಎಲ್ಲಿ ಆಯಿತೆಂದು ಹುಡುಕಲಾಗದೆ ಸೋಲುತ್ತಾರೆ. ಹೊಸಬರ ಸಂದರ್ಶನಗಳಲ್ಲಿ ನಾನೂ ಕುಳಿತಿದ್ದೇನೆ. ಅಲ್ಲಿ ನಾವು ನೋಡುವುದು ಅಭ್ಯರ್ಥಿ ತಾನೇ ಮಾಡಿದ ಒಂದು ಕೆಲಸವನ್ನು ಸಾಲು ಸಾಲಾಗಿ ವಿವರಿಸಬಲ್ಲನೇ ಎಂಬುದನ್ನು.

ಆದ್ದರಿಂದ ಮನೆಗೆ ಬೇಕಾದ ಒಂದೇ ಒಂದು ಪುಟವನ್ನು ಪೂರ್ತಿ ಮಾಡಿ ಮುಗಿಸಿ. ನಮ್ಮ ಕಡೆ ಮಳೆ ಅಳೆದು ಡೈರಿಯಲ್ಲಿ ಬರೆದಿಡುವ ಮನೆಗಳು ಬಹಳ ಇವೆಯಲ್ಲ, ಅಂಥ ಮಳೆ ಲೆಕ್ಕದ ಪುಟವನ್ನೇ ಮಾಡಿ: ದಿನಾಂಕ, ಎಷ್ಟು ಮಿಲಿಮೀಟರ್, ತಿಂಗಳ ಮೊತ್ತ. ಕೊಳೆ ರೋಗ ತಡೆಯಲು ಬೋರ್ಡೊ ದ್ರಾವಣ ಹೊಡೆದ ದಿನವನ್ನು ನಮೂದಿಸಿದರೆ ಮುಂದಿನ ಸಿಂಪರಣೆಗೆ 40ರಿಂದ 45 ದಿನ ಯಾವಾಗ ತುಂಬುತ್ತದೆ ಎಂಬುದನ್ನೂ ಪುಟವೇ ಹೇಳಲಿ. ಕೇಳಲು ಚಿಕ್ಕದೆನಿಸಿದರೂ ಇದರಲ್ಲಿ ಫಾರ್ಮ್, ಪಟ್ಟಿ, ದಿನಾಂಕ, ಮಾಹಿತಿಯನ್ನು ಬ್ರೌಸರಿನಲ್ಲೇ ಉಳಿಸಿಡುವ ಲೋಕಲ್ ಸ್ಟೋರೇಜ್ ಎಲ್ಲವೂ ಬರುತ್ತವೆ. ಮೊದಲ ತೊಡಕು ಮೊತ್ತದಲ್ಲೇ ಸಿಗುತ್ತದೆ: ಇನ್‌ಪುಟ್ ಪೆಟ್ಟಿಗೆಯಿಂದ ಓದುವ ಮೌಲ್ಯ ಸಂಖ್ಯೆಯಾಗಿ ಬರದೆ ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ ಬರುವುದರಿಂದ 12 ಮತ್ತು 8 ಕೂಡಿಸಿದರೆ 20ರ ಬದಲು 128 ಎಂದು ತೋರಿಸುತ್ತದೆ. ಆ ತಪ್ಪನ್ನು ನೀವೇ ಹುಡುಕಿ ತಿದ್ದಿದ ದಿನ, ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ಕಲಿತಿರುತ್ತೀರಿ. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನ ಲ್ಯಾಂಗ್ (lang) ಗುಣದಲ್ಲಿ ‘ಕೆಎನ್’ (kn) ಎಂದು ನಮೂದಿಸುವುದನ್ನು ಮರೆಯಬೇಡಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಗಳು ಅದನ್ನು ನೋಡಿಯೇ ಸರಿಯಾದ ಧ್ವನಿಯನ್ನು ಆರಿಸಿಕೊಳ್ಳುತ್ತವೆ.

ನೆಟ್‌ವರ್ಕ್ ವಿಚಾರಕ್ಕೆ ಬಂದರೆ, ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಬರೆಯಲು ಇಂಟರ್ನೆಟ್ ಬೇಕಿಲ್ಲ. ಡೆವ್‌ಡಾಕ್ಸ್ ತಾಣದ ಕೈಪಿಡಿಗಳನ್ನು ಒಮ್ಮೆ ಇಳಿಸಿಕೊಂಡರೆ ಆಫ್‌ಲೈನ್‌ನಲ್ಲಿಯೂ ಓದಬಹುದು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ, ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಕೂಡ ನಿಮ್ಮ ಲ್ಯಾಪ್‌ಟಾಪಿನಲ್ಲೇ ಪೂರ್ಣವಾಗಿ ನಡೆಯುತ್ತದೆ. ದಿನವೂ ಕಮಿಟ್ ಮಾಡುತ್ತಾ, ಅಂದರೆ ಆದ ಬದಲಾವಣೆಯನ್ನು ಒಂದು ಟಿಪ್ಪಣಿಯೊಡನೆ ಗಿಟ್‌ನಲ್ಲಿ ದಾಖಲಿಸುತ್ತಾ ಹೋಗಿ, ಪೇಟೆಗೆ ಬಂದ ದಿನ ಎಲ್ಲವನ್ನೂ ಅಂತರ್ಜಾಲದಲ್ಲಿ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಏರಿಸಿದರಾಯಿತು. ಗಿಟ್‌ಹಬ್ ಪೇಜಸ್‌ನಲ್ಲಿ ಪುಟವನ್ನು ಉಚಿತವಾಗಿಯೇ ಪ್ರಕಟಿಸಬಹುದು. ಕೊನೆಗೆ ಪುಟದ ಪ್ರತಿಯನ್ನು ಬ್ರೌಸರಿನಲ್ಲಿ ಇಟ್ಟುಕೊಳ್ಳಬಲ್ಲ ಸರ್ವಿಸ್ ವರ್ಕರ್ ಎಂಬ ಕೋಡ್ ಸೇರಿಸಿ ನೆಟ್‌ವರ್ಕ್ ಇಲ್ಲದಾಗಲೂ ಪುಟ ತೆರೆಯುವಂತೆ ಮಾಡಿ, ಏಕೆಂದರೆ ಜುಲೈ ತಿಂಗಳಲ್ಲಿ ನಿಮ್ಮ ತಂದೆಯವರಿಗೆ ಬೇಕಾಗುವುದು ಅಂಥ ಪುಟವೇ.

ಉತ್ತರ: ಶಿವಮೊಗ್ಗ ನಗರದಿಂದ

ಮೇಲಿನ ಮಾತನ್ನು ಬಹುತೇಕ ಒಪ್ಪುತ್ತೇನೆ. ನಾನು ಸಾಲ ಮಾಡಿ ಒಂದು ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಿದ್ದೆ. ಅಲ್ಲಿ ಇಡೀ ಬ್ಯಾಚಿಗೆ ಒಂದೇ ಪ್ರಾಜೆಕ್ಟ್ ಕೊಟ್ಟಿದ್ದರು, ಸಂದರ್ಶನದಲ್ಲಿ ‘ಈ ಸಾಲು ಏಕೆ ಇಲ್ಲಿದೆ’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ಸಾಲವನ್ನು ನನ್ನ ಅಮ್ಮ ತೀರಿಸಿದರು. ಹಾಗಾಗಿ ಫ್ರೀಕೋಡ್‌ಕ್ಯಾಂಪ್‌ನಂತಹ ಉಚಿತ ಪಾಠಗಳನ್ನೇ ನೆಚ್ಚಿಕೊಳ್ಳಿ. ಅವು ಹೆಚ್ಚಾಗಿ ಬರಹದಲ್ಲಿರುವುದರಿಂದ ನಿಧಾನವಾದ ನೆಟ್‌ವರ್ಕಿನಲ್ಲೂ ತೆರೆದುಕೊಳ್ಳುತ್ತವೆ. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಅನೇಕ ಉದ್ಯೋಗ ಪ್ರಕಟಣೆಗಳು ರಿಯಾಕ್ಟ್ ಕೇಳುವುದರಿಂದ ಅದನ್ನು ಬಹಳ ಮುಂದೂಡಬಾರದು. ಮಳೆ ಲೆಕ್ಕದ ಪುಟ ಮುಗಿದೊಡನೆ ಅದನ್ನೇ ರಿಯಾಕ್ಟ್‌ನಲ್ಲಿ ಮತ್ತೊಮ್ಮೆ ಕಟ್ಟಿ. ಅರ್ಜಿಗಳನ್ನು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾತ್ರ ಹಾಕದೆ, ಶಾಲೆ, ಆಸ್ಪತ್ರೆ, ಸಹಕಾರಿ ಸಂಘಗಳಿಗೆ ತಾಣ ಮಾಡಿಕೊಡುವ ಸಣ್ಣ ಕಚೇರಿಗಳಿಗೂ ಹಾಕಿ. ನನ್ನ ಮೊದಲ ಸಂಬಳ ಅಂಥ ಕಚೇರಿಯಿಂದಲೇ ಬಂತು.

ಪ್ರಶ್ನೆ ಕೇಳಿದವಳು, ಮೂರು ವಾರಗಳ ನಂತರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪುಟ ಒಂದು ಹಂತಕ್ಕೆ ಬಂದಿದೆ, ಅಪ್ಪ ದಿನವೂ ಅದರಲ್ಲೇ ಬರೆಯುತ್ತಿದ್ದಾರೆ. ಆದರೆ ಅವರು ಬೆಳಗಿನ ಜಾವ ಐದು ಗಂಟೆಗೆ ಎದ್ದು ಮಳೆ ಅಳೆದು ನಮೂದಿಸಿದರೆ ಅದು ಹಿಂದಿನ ದಿನಾಂಕಕ್ಕೆ ಸೇರುತ್ತಿದೆ; ನಾನು ಎಂಟು ಗಂಟೆಗೆ ಪರೀಕ್ಷಿಸಿದರೆ ಸರಿಯಾಗಿಯೇ ಬರುತ್ತದೆ. ಎರಡು ದಿನದಿಂದ ಹುಡುಕುತ್ತಿದ್ದೇನೆ. ದಿನಾಂಕ ಪಡೆಯಲು ಜಾವಾಸ್ಕ್ರಿಪ್ಟ್‌ನ ಟುಐಎಸ್‌ಒಸ್ಟ್ರಿಂಗ್ (toISOString) ವಿಧಾನ ಬಳಸಿದ್ದೇನೆ.

ಉತ್ತರ: ತೀರ್ಥಹಳ್ಳಿ ಮೂಲದವನು

ಕಾರಣ ಆ ವಿಧಾನದಲ್ಲೇ ಇದೆ. ಅದು ಕೊಡುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಬೆಳಿಗ್ಗೆ 5.30ರವರೆಗೆ ಅದರ ಪ್ರಕಾರ ಇನ್ನೂ ನಿನ್ನೆಯೇ. ವರ್ಷ, ತಿಂಗಳು, ದಿನ ಕೊಡುವ ಗೆಟ್‌ಫುಲ್‌ಇಯರ್, ಗೆಟ್‌ಮಂತ್, ಗೆಟ್‌ಡೇಟ್ ಬಳಸಿ ಇಲ್ಲಿನ ದಿನಾಂಕವನ್ನೇ ಜೋಡಿಸಿಕೊಳ್ಳಿ. ತಿಂಗಳ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಅದಕ್ಕೆ ಒಂದನ್ನು ಕೂಡಿಸಬೇಕು. ತಿದ್ದಿದ ಕಮಿಟ್‌ನಲ್ಲಿ ಈ ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆದು, ಕೆಲಸಕ್ಕೆ ಅರ್ಜಿ ಹಾಕುವಾಗ ಅದರ ಕೊಂಡಿಯನ್ನೂ ಕಳುಹಿಸಿ. ಈಗಾಗಲೇ ತಪ್ಪು ದಿನಕ್ಕೆ ಸೇರಿಹೋಗಿರುವ ನಮೂದುಗಳನ್ನು ಮಾತ್ರ ಕೋಡ್ ತಾನಾಗಿ ಸರಿಪಡಿಸುವುದಿಲ್ಲ. ತಂದೆಯವರ ಪಕ್ಕದಲ್ಲಿ ಕುಳಿತು, ಯಾವ ಯಾವ ದಿನ ಜಾವದಲ್ಲಿ ಬರೆದಿದ್ದರೆಂದು ಕೇಳಿಕೊಂಡು ಒಂದೊಂದಾಗಿ ತಿದ್ದಿ.